ಪದಕದ ನಂತರದ ಬದುಕು

ಕಾರ್ಗಿಲ್ ಯುದ್ಧವೆಂದರೆ ನಮಗೆ ಮೊದಲು ನೆನಪಾಗುವುದು ಹುತಾತ್ಮರು. 1999ರ ಮೇ ತಿಂಗಳಿನಿಂದ ಜುಲೈ 26ರವರೆಗೆ ನಡೆದ ಆ ಯುದ್ಧದಲ್ಲಿ ದೇಶ 527 ಯೋಧರನ್ನು ಕಳೆದುಕೊಂಡಿತು. ಗಾಯಗೊಂಡವರ ಸಂಖ್ಯೆ ಸಾವಿರ ಮೀರಿತ್ತು. ಹುತಾತ್ಮರ ಹೆಸರುಗಳನ್ನು ದ್ರಾಸ್‌ನ ಸ್ಮಾರಕದಲ್ಲಿ ಕೆತ್ತಲಾಗಿದೆ. ಗಾಯಾಳುಗಳು ಮನೆಗೆ ಮರಳಿದ ಮೇಲೆ ಏನಾದರು ಎಂದು ಕೇಳಿದವರು ಕಡಿಮೆ.

ಅಂಥವರಲ್ಲಿ ಒಬ್ಬರು ನಮ್ಮ ಹುಬ್ಬಳ್ಳಿಯವರೇ ಆದ ಕ್ಯಾಪ್ಟನ್ ನವೀನ್ ನಾಗಪ್ಪ. ಇಂಜಿನಿಯರಿಂಗ್ ಓದಿದ್ದ ಅವರು ಸೇನೆಯನ್ನು ಆರಿಸಿಕೊಂಡು 13ನೇ ಜಮ್ಮು ಮತ್ತು ಕಾಶ್ಮೀರ ರೈಫಲ್ಸ್‌ಗೆ ಅಧಿಕಾರಿಯಾಗಿ ಸೇರಿದರು. ಡೋಗ್ರಾ, ಸಿಖ್, ಗೂರ್ಖಾ ಹಾಗೂ ಮುಸ್ಲಿಂ ಯೋಧರು ಹೆಗಲಿಗೆ ಹೆಗಲು ಕೊಟ್ಟು ದುಡಿಯುವ ರೆಜಿಮೆಂಟ್ ಅದು. ಸೇರಿ ಕೆಲವೇ ತಿಂಗಳಲ್ಲಿ ಯುದ್ಧ ಬಂತು.

ಮುಷ್ಕೋ ಕಣಿವೆಯಲ್ಲಿ ಪಾಯಿಂಟ್ 4875 ಎಂಬ ಶಿಖರವಿದೆ. ಮೀಟರ್‌ಗಳಲ್ಲಿ ಅದರ ಎತ್ತರವೇ ಅದರ ಹೆಸರು. ಅಲ್ಲಿ ಕುಳಿತವರಿಗೆ ಶ್ರೀನಗರ–ಲೇಹ್ ಹೆದ್ದಾರಿ ಕಣ್ಣೆದುರಿಗೇ ಕಾಣುತ್ತದೆ. ಲಡಾಖ್‌ಗೆ ಸರಕು, ಮದ್ದುಗುಂಡು ಸಾಗುವ ಮುಖ್ಯ ದಾರಿಗಳಲ್ಲಿ ಒಂದು ಅದು. ಹಾಗಾಗಿ ಶಿಖರವನ್ನು ಮರಳಿ ಪಡೆಯದೆ ಗತ್ಯಂತರವಿರಲಿಲ್ಲ. ಜುಲೈ ಮೊದಲ ವಾರ ನಡೆದ ಆ ಹೋರಾಟದಲ್ಲಿ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಹುತಾತ್ಮರಾದರು. ಅವರಿಗೂ, ಬದುಕಿ ಉಳಿದ ರೈಫಲ್‌ಮನ್ ಸಂಜಯ್ ಕುಮಾರ್ ಅವರಿಗೂ ಪರಮವೀರ ಚಕ್ರ ಸಂದಿತು. ಇಬ್ಬರೂ ಇದೇ ಬೆಟಾಲಿಯನ್ನಿನವರು.

ಅದೇ ಶಿಖರದ ಮೇಲೆ ಶತ್ರುಗಳು ಎಸೆದ ಗ್ರೆನೇಡ್ ನವೀನ್ ಅವರ ಹತ್ತಿರವೇ ಸಿಡಿಯಿತು. ಎರಡೂ ಕಾಲುಗಳಿಗೆ ಭಾರೀ ಗಾಯವಾಯಿತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹಲವು ಶಸ್ತ್ರಚಿಕಿತ್ಸೆಗಳಾದವು. ತಿಂಗಳುಗಟ್ಟಲೆ ಅಲ್ಲಿಯೇ ಇರಬೇಕಾಯಿತು. ಶೌರ್ಯಕ್ಕಾಗಿ ಸೇನಾ ಪದಕ ಬಂತು. ಆದರೆ ಆ ಕಾಲುಗಳಿಂದ ಸೈನಿಕ ವೃತ್ತಿ ಮುಂದುವರಿಸಲು ಸಾಧ್ಯವಿಲ್ಲ ಎಂಬ ವೈದ್ಯಕೀಯ ತೀರ್ಮಾನವೂ ಬಂತು. ಇಪ್ಪತ್ತರ ಹರೆಯದ ಯುವಕ, ಇಷ್ಟಪಟ್ಟು ಹಿಡಿದ ದಾರಿ ಶುರುವಿನಲ್ಲೇ ಮುಚ್ಚಿತು.

ನಿಜವಾದ ಪರೀಕ್ಷೆ ಇಲ್ಲಿಂದ ಆರಂಭವಾಯಿತು. ಪದಕ ತೋರಿಸಿಕೊಂಡು ಬದುಕುವ ಹಾದಿ ಅವರದಾಗಲಿಲ್ಲ. ಮತ್ತೆ ಪುಸ್ತಕ ಹಿಡಿದು ಭಾರತೀಯ ಇಂಜಿನಿಯರಿಂಗ್ ಸೇವೆಯ ಪರೀಕ್ಷೆ ಬರೆದು ಪಾಸಾದರು. ಸೇರಿದ್ದು ಮಿಲಿಟರಿ ಇಂಜಿನಿಯರ್ ಸರ್ವಿಸಸ್‌ಗೆ. ಸೈನಿಕರ ವಸತಿ, ಆಸ್ಪತ್ರೆ ಕಟ್ಟುವುದು, ನೀರು, ವಿದ್ಯುತ್ ನೋಡಿಕೊಳ್ಳುವುದು ಈ ಇಲಾಖೆಯ ಕೆಲಸ. ಬಂದೂಕು ಹಿಡಿಯಲಾಗದಿದ್ದರೂ ಬಂದೂಕು ಹಿಡಿದವರ ಮನೆಗೆ ನೀರು ಮುಟ್ಟಿಸುವ ಕೆಲಸವೂ ಸೇವೆಯೇ ಅಲ್ಲವೇ? 2021ರಲ್ಲಿ ಬಾತ್ರಾ ಅವರ ಬದುಕಿನ ಕುರಿತ 'ಶೇರ್‌ಷಾ' ಚಲನಚಿತ್ರ ಬಂದಾಗ ನಮ್ಮಲ್ಲಿ ಅನೇಕರು ನವೀನ್ ಅವರ ಹೆಸರನ್ನು ಮೊದಲ ಬಾರಿ ಕೇಳಿದರು. ಅಷ್ಟರಲ್ಲಿ ಯುದ್ಧ ಮುಗಿದು 22 ವರ್ಷ ಕಳೆದಿತ್ತು.

ಇದೇ ಯುದ್ಧದಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಸುತ್ತಲಿನ ಹಳ್ಳಿಗರು, ಅವರಲ್ಲಿ ಬಹುಪಾಲು ಮುಸ್ಲಿಮರು, ಬೆನ್ನ ಮೇಲೆ ಆಹಾರ, ಮದ್ದುಗುಂಡು ಹೊತ್ತು ಸೈನಿಕರ ಜೊತೆ ಬೆಟ್ಟ ಹತ್ತಿದರು. ಯುದ್ಧ ಮುಗಿದ ಮೇಲೆ ತಮ್ಮ ಹೊಲ, ಕುರಿಗಳ ಬಳಿ ಮರಳಿದರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ಇಸ್ಲಾಮೀ ಇತಿಹಾಸ ಓದಿದವರಿಗೆ ಇಲ್ಲಿ ಹಝ್ರತ್ ಖಾಲಿದ್ ಬಿನ್ ವಲೀದ್(ರ) ನೆನಪಾಗದೆ ಇರಲಾರರು. ಸಿರಿಯಾದಲ್ಲಿ ಒಂದರ ಮೇಲೊಂದು ಗೆಲುವು ತಂದ ಆ ದಂಡನಾಯಕರನ್ನು ಖಲೀಫಾ ಉಮರ್(ರ) ಪದವಿಯಿಂದ ಇಳಿಸಿದರು. ಗೆಲುವು ಅಲ್ಲಾಹನದು ಎಂಬುದನ್ನು ಮರೆತು ಜನರು ಖಾಲಿದರನ್ನೇ ನೆಚ್ಚಿಕೊಳ್ಳಬಾರದು ಎಂಬುದು ಇತಿಹಾಸಕಾರರು ಹೇಳುವ ಕಾರಣಗಳಲ್ಲಿ ಒಂದು. ಖಾಲಿದ್(ರ) ದಂಗೆ ಏಳಲಿಲ್ಲ. ಅಬೂ ಉಬೈದಾ(ರ) ಅವರ ಕೈಕೆಳಗೆ ಹೋರಾಡಿದರು. ನಿಯ್ಯತ್ ಪದವಿಯ ಮೇಲಿದ್ದರೆ ಪದವಿ ಹೋದ ದಿನವೇ ಕೆಲಸವೂ ನಿಲ್ಲುತ್ತದೆ. ನಿಯ್ಯತ್ ಸೇವೆಯ ಮೇಲಿದ್ದರೆ ಇನ್ನೊಂದು ಬಾಗಿಲನ್ನು ಹುಡುಕಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಒಂದು ಪರೀಕ್ಷೆಯಲ್ಲಿ ಫೇಲಾಗಿಯೋ, ನೌಕರಿ ಕೈತಪ್ಪಿಯೋ, ಅಪಘಾತದಲ್ಲಿ ಅಂಗ ಊನವಾಗಿಯೋ 'ಇನ್ನು ನನ್ನಿಂದೇನಾಗುತ್ತದೆ' ಎಂದು ಮೂಲೆ ಹಿಡಿದ ಮಕ್ಕಳಿದ್ದಾರೆ. ಸಬ್ರ್ ಎಂದರೆ ಕೈಕಟ್ಟಿ ಕೂರುವುದೆಂದು ಕೆಲವರು ತಿಳಿದಿದ್ದಾರೆ. ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಮತ್ತೆ ಪರೀಕ್ಷೆಗೆ ಕೂರುವುದೂ ಸಬ್ರ್ ಎಂದು ಅವರಿಗೆ ಹೇಳಬೇಕು. ಹಾಗೆಯೇ ನಮ್ಮ ಓಣಿಗಳಲ್ಲಿ ಯಾವ ಸದ್ದೂ ಮಾಡದೆ ಬದುಕುತ್ತಿರುವ ನಿವೃತ್ತ ಸೈನಿಕರಿದ್ದಾರೆ. ಈ ಶುಕ್ರವಾರ ಜುಮಾ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಅಂಥ ಒಬ್ಬರ ಮನೆಗೆ ಹೋಗಿ ಸಲಾಂ ಹೇಳಿ. ಯುದ್ಧದ ಕಥೆಯ ಜೊತೆಗೆ, ಊರಿಗೆ ಮರಳಿದ ಮೇಲೆ ಜೀವನ ಹೇಗೆ ಕಟ್ಟಿಕೊಂಡರು ಎಂಬುದನ್ನೂ ಕೇಳಿ.