ಹಾಯಿಹಡಗುಗಳ ಕಿರುಪ್ರತಿಕೃತಿ: ಅಳತೆಯನ್ನು ಕಾಯ್ದಿಡುವ ಕಲೆ

ಹಿಂದಿನ ಕಾಲದ ಹಾಯಿಹಡಗುಗಳನ್ನು ನಿಗದಿತ ಅಳತೆಗೆ ಕಿರಿದುಗೊಳಿಸಿ ಮರದಲ್ಲಿ ನಿರ್ಮಿಸುವುದು ಬಹಳ ಹಳೆಯ ಕುಶಲಕಲೆ. ಗಾಜಿನ ಪೆಟ್ಟಿಗೆಯೊಳಗೆ ಇಂತಹ ಹಡಗನ್ನು ಕಂಡಾಗ ನಾವು ಅದನ್ನು ಅಲಂಕಾರದ ವಸ್ತುವೆಂದೇ ಭಾವಿಸುತ್ತೇವೆ. ಆದರೆ ಶ್ರದ್ಧೆಯಿಂದ ಮಾಡಿದ ಪ್ರತಿಕೃತಿ ಒಂದು ದಾಖಲೆಯೂ ಹೌದು. 17ನೆಯ ಶತಮಾನದ ಮಧ್ಯಭಾಗದಿಂದ ಇಂಗ್ಲೆಂಡಿನ ನೌಕಾಡಳಿತದ ಸುತ್ತ ತಯಾರಾದ ಪ್ರತಿಕೃತಿಗಳು ಹೆಚ್ಚಾಗಿ 1:48ರ ಅಳತೆಯವು. ಎಂದರೆ ಹಡಗಿನ ಒಂದು ಅಡಿಗೆ ಪ್ರತಿಕೃತಿಯಲ್ಲಿ ಕಾಲು ಅಂಗುಲ. ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ, ಪಕ್ಕೆಲುಬುಗಳು ಕಾಣುವಂತೆ ಬಿಡುವುದು ಅವುಗಳ ವಾಡಿಕೆ. ಆ ಹಡಗುಗಳು ಕಡಲಿನಲ್ಲಿ ಉಳಿದಿಲ್ಲ. ಅವುಗಳ ರೂಪ ಮಾತ್ರ ಗ್ರೀನಿಚ್‌ನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಉಳಿದಿದೆ.

ಮುಂಬಯಿಯ ಒಂದು ಹಡಗು

ಮುಂಬಯಿ ನಿವಾಸಿಗಳಾದ ನಮಗೆ ಈ ಕಲೆಯನ್ನು ಅರಿಯಲು 'ಟ್ರಿಂಕೋಮಲಿ'ಗಿಂತ ಉತ್ತಮ ಉದಾಹರಣೆ ಸಿಗಲಾರದು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಬ್ರಿಟನ್ನಿನಲ್ಲಿ ಓಕ್ ಮರದ ಕೊರತೆಯುಂಟಾದಾಗ, ಮಲಬಾರಿನ ತೇಗದಿಂದ ಈ ಯುದ್ಧನೌಕೆಯನ್ನು ಮುಂಬಯಿ ಹಡಗುಕಟ್ಟೆಯಲ್ಲಿ ಕಟ್ಟಲಾಯಿತು. ನಿರ್ಮಿಸಿದವರು ಪಾರ್ಸಿ ಕುಶಲಿಗರಾದ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ. ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು.

ಇದರ ನಕ್ಷೆಯ ಕಥೆ ಕುತೂಹಲಕರವಾದುದು. 1782ರಲ್ಲಿ ಬ್ರಿಟಿಷರು 'ಎಬೆ' ಎಂಬ ಫ್ರೆಂಚ್ ನೌಕೆಯನ್ನು ಸೆರೆಹಿಡಿದು, ಅದರ ಒಡಲಿನ ರೇಖೆಗಳನ್ನು ಅಳೆದು ಬರೆದುಕೊಂಡರು. ಆ ಅಳತೆಯೇ 'ಲೀಡಾ' ವರ್ಗದ ನೌಕೆಗಳಿಗೆ ಆಧಾರವಾಯಿತು. ಟ್ರಿಂಕೋಮಲಿಯ ನಕ್ಷೆಯನ್ನು 'ಜಾವಾ' ಎಂಬ ಹಡಗಿನಲ್ಲಿ ಮುಂಬಯಿಗೆ ಕಳುಹಿಸಲಾಯಿತು. 1812ರ ಡಿಸೆಂಬರಿನಲ್ಲಿ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ನೌಕೆಯೊಡನೆ ನಡೆದ ಕಾಳಗದಲ್ಲಿ ಜಾವಾ ನಾಶವಾಯಿತು. ಮತ್ತೊಂದು ಪ್ರತಿ ಬಂದ ಮೇಲೆಯೇ ಇಲ್ಲಿ ಕೆಲಸ ಆರಂಭವಾಯಿತು. ಹಡಗು ಮುಳುಗಿದರೂ ಅಳತೆ ಉಳಿದಿದ್ದರೆ ಮತ್ತೆ ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ವರ್ಷ ಮತ್ತು ಪ್ರಮಾಣ

ಪ್ರತಿಕೃತಿಕಾರನು ಮೊದಲು ನಿರ್ಧರಿಸಬೇಕಾದುದು ವರ್ಷವನ್ನು. 1840ರ ದಶಕದಲ್ಲಿ ಟ್ರಿಂಕೋಮಲಿಯ ಫಿರಂಗಿಗಳನ್ನು 26ಕ್ಕೆ ಇಳಿಸಿ, ಹಿಂಬದಿಯ ಆಕಾರವನ್ನೂ ಬದಲಿಸಲಾಯಿತು. ಆದ್ದರಿಂದ 1817ರ ಹಡಗು ಬೇರೆ, 1847ರ ಹಡಗು ಬೇರೆ. ಎರಡನ್ನೂ ಬೆರೆಸಿದರೆ ಎಂದೂ ಇಲ್ಲದಿದ್ದ ಹಡಗೊಂದು ಹುಟ್ಟುತ್ತದೆ.

ಬಳಿಕ ಪ್ರಮಾಣ. ಈ ನೌಕೆಯ ಫಿರಂಗಿ ಅಟ್ಟದ ಉದ್ದ ಸುಮಾರು 150 ಅಡಿ. 1:48ರಲ್ಲಿ ಅದು 37 ಅಂಗುಲಕ್ಕೂ ಮಿಕ್ಕುತ್ತದೆ. 1:64ರಲ್ಲಿ 28 ಅಂಗುಲ. 1:96ರಲ್ಲಿ 19 ಅಂಗುಲದೊಳಗೆ. ಮುಂದಕ್ಕೆ ಚಾಚಿದ ಕಂಬವನ್ನು ಸೇರಿಸಿದರೆ ಒಟ್ಟು ಉದ್ದ ಇನ್ನೂ ಹೆಚ್ಚು. ಮಹಾನಗರದ ಕಿರಿದಾದ ಮನೆಗಳಲ್ಲಿ ವಾಸಿಸುವ ನಾವು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಲೇಸು.

ನಿರ್ಮಾಣದ ಕ್ರಮ

ತಳದ ಬೆನ್ನೆಲುಬಿನಂತಹ ತೊಲೆಗೆ ಅಡ್ಡಗೋಡೆಗಳನ್ನು ಲಂಬವಾಗಿ ಕೂಡಿಸಿ, ಅವುಗಳ ಅಂಚನ್ನು ಉಜ್ಜಿ, ಮೇಲೆ ತೆಳುವಾದ ಮರದ ಪಟ್ಟಿಗಳನ್ನು ಹೊದಿಸುವುದು ಸುಲಭ ಕ್ರಮ. ಪ್ರತಿಯೊಂದು ಪಕ್ಕೆಲುಬನ್ನೂ ನಿಜವಾದ ಹಡಗಿನಂತೆಯೇ ಕಟ್ಟುವುದು ಕಠಿಣ ಕ್ರಮ. ಪಟ್ಟಿಗಳನ್ನು ಮೂತಿಯ ಕಡೆಗೆ ಕಿರಿದಾಗಿಸಿ, ನೀರಿನಲ್ಲಿ ನೆನೆಸಿ, ಬಿಸಿ ತಾಗಿಸಿ ಬಾಗಿಸುತ್ತಾರೆ. ಎಡಕ್ಕೊಂದು ಬಲಕ್ಕೊಂದರಂತೆ ಅಂಟಿಸದಿದ್ದರೆ ತೊಲೆಯೇ ಸೊಟ್ಟಗಾಗುತ್ತದೆ. 1:64ರಲ್ಲಿ ಒಂದು ಮಿಲಿಮೀಟರಿನ ತಪ್ಪು ನಿಜವಾದ ಹಡಗಿನಲ್ಲಿ ಎರಡೂವರೆ ಅಂಗುಲಕ್ಕೆ ಸಮ. ಲೆಡ್ಜರಿನ ಮೊದಲ ಪುಟದ ತಪ್ಪು ಪ್ರತಿ ಪುಟದ ಶಿಲ್ಕಿನಲ್ಲಿಯೂ ಮುಂದುವರಿಯುವುದನ್ನು ಬಲ್ಲ ಬ್ಯಾಂಕ್ ನೌಕರರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ತೇಗದ ಹಡಗಿಗೆ ತೇಗವನ್ನೇ ಬಳಸಬೇಕೆಂದೇನೂ ಇಲ್ಲ. ಹಡಗು ಕಿರಿದಾದರೂ ಮರದ ಎಳೆ ಕಿರಿದಾಗದು. ದಪ್ಪ ಎಳೆಯ ಮರ ಸಣ್ಣ ಹಡಗಿನಲ್ಲಿ ಕಣ್ಣಿಗೆ ಒರಟಾಗಿ ತೋರುತ್ತದೆ. ಆದಕಾರಣ ಪೇರ್, ಬಾಕ್ಸ್‌ವುಡ್ ಮೊದಲಾದ ನಯವಾದ ಎಳೆಯ ಮರಗಳನ್ನು ಅನುಭವಿಗಳು ಆರಿಸುತ್ತಾರೆ.

ಹಗ್ಗಗಳ ಕೆಲಸ ಕೊನೆಯದು, ತಾಳ್ಮೆಯನ್ನು ಹೆಚ್ಚು ಬೇಡುವುದೂ ಅದೇ. ಹಾಯಿಕಂಬಗಳನ್ನು ಬಿಗಿದು ನಿಲ್ಲಿಸುವ ಹಗ್ಗಗಳಿಗೆ ಹಿಂದೆ ಡಾಂಬರು ಬಳಿಯುತ್ತಿದ್ದುದರಿಂದ ಅವಕ್ಕೆ ಕಪ್ಪು ದಾರ. ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳಿಗೆ ನಸುಗಂದು ದಾರ. ದಾರವನ್ನು ಜೇನುಮೇಣದ ಮೇಲೆ ಎಳೆದರೆ ಅದರ ನವಿರು ಅಡಗುತ್ತದೆ.

ನಮ್ಮ ಕರಾವಳಿಯ ಮಾತು

ಮುಂದೆ 'ಫೂದ್ರುವಾಯಾ' ಎಂಬ ಹೆಸರು ಪಡೆದು ತರಬೇತಿ ನೌಕೆಯಾದ ಟ್ರಿಂಕೋಮಲಿ, ಪುನರುದ್ಧಾರದ ಕಾಲದಲ್ಲಿ ಹಳೆಯ ಹೆಸರನ್ನು ಮರಳಿ ಪಡೆಯಿತು. 2001ರಲ್ಲಿ ಆ ಕಾರ್ಯ ಮುಗಿದು, ಇಂದು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲೆಯೇ ನಿಂತಿದೆ. ಕಟ್ಟಿದ ಊರಿನಲ್ಲಿ ಅದನ್ನು ಕಾಣಬೇಕೆಂದರೆ ನಮಗಿರುವ ದಾರಿ ಪ್ರತಿಕೃತಿಯೊಂದೇ.

ಮಂಗಳೂರಿನಿಂದ ಹಂಚು ಹೊತ್ತು ಮುಂಬಯಿಗೆ ಬರುತ್ತಿದ್ದ ಮಂಜಿಗಳಿಗೆ ಇಂತಹ ಭಾಗ್ಯವಿರಲಿಲ್ಲ. ಕರಾವಳಿಯ ಸಾಂಪ್ರದಾಯಿಕ ನೌಕೆಗಳನ್ನು ಕಟ್ಟುತ್ತಿದ್ದವರು ಕಾಗದದ ನಕ್ಷೆಯನ್ನು ನೆಚ್ಚಿದವರಲ್ಲ. ಅಳತೆಯೆಲ್ಲ ಮೇಸ್ತ್ರಿಯ ಕಣ್ಣಿನಲ್ಲಿ, ಕೈಯಲ್ಲಿ ಇರುತ್ತಿತ್ತು. ಅಂತಹ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದರೆ, ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳೊಡನೆ ಅವರ ಬಳಿ ಕುಳಿತು ಉದ್ದ, ಅಗಲ, ಬಾಗುಗಳನ್ನು ಬರೆದಿಟ್ಟುಕೊಳ್ಳೋಣ. ಮಂಜಿಯ ಪ್ರತಿಕೃತಿಯನ್ನು ನಾಳೆ ಯಾರಾದರೂ ಕಟ್ಟಬಯಸಿದರೆ, ಆ ಬರಹವೇ ಅವರಿಗೆ ನಕ್ಷೆಯಾದೀತು.