ಪೊಟೋಮ್ಯಾಕ್ ನದಿಗೆ ಇಳಿಬಿಟ್ಟ ಹಗ್ಗ

ವರ್ಜೀನಿಯಾದಿಂದ ಲ್ಯಾನ್‌ಹ್ಯಾಮ್‌ನ ಶಿವವಿಷ್ಣು ದೇವಾಲಯಕ್ಕೆ ಬರುವ ಕನ್ನಡ ಬಂಧುಗಳಲ್ಲಿ ಕೆಲವರಾದರೂ ಪೊಟೋಮ್ಯಾಕ್ ನದಿಯನ್ನು ಹದಿನಾಲ್ಕನೆಯ ಬೀದಿಯ ಸೇತುವೆಯ ಮೇಲೆ ದಾಟಿರುತ್ತಾರೆ. ವಾಷಿಂಗ್ಟನ್ ನಗರದತ್ತ ಬರುವ ಆ ಸೇತುವೆಗೆ 1985ರಲ್ಲಿ ಆರ್ಲೆಂಡ್ ವಿಲಿಯಮ್ಸ್ ಅವರ ಹೆಸರನ್ನಿಟ್ಟರು. ಆ ಹೆಸರಿನ ಹಿಂದಿರುವುದು ಒಂದು ಹಗ್ಗದ ಕಥೆ.

ನಮ್ಮ ತುಂಗಭದ್ರೆಯಲ್ಲಿ ಜನರನ್ನು ದಾಟಿಸುವ ಹರಿಗೋಲೇ ಹೊಳೆ ಬಂದಾಗ ಕಾಪಾಡುವ ಸಾಧನವೂ ಆಗುತ್ತಿತ್ತು. ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದ ಈ ದುಂಡು ದೋಣಿಯಲ್ಲಿ ಹದಿನೈದಿಪ್ಪತ್ತು ಜನರು ಆನೆಗೊಂದಿಯ ಬಳಿ ದಾಟುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ 1520ರ ಸುಮಾರಿನಲ್ಲಿ ವರ್ಣಿಸಿದ್ದಾನೆ. ಆದರೆ ಹೆಪ್ಪುಗಟ್ಟಿದ ನದಿಯಲ್ಲಿ ಯಾವ ಅಂಬಿಗನೇನು ಮಾಡಿಯಾನು?

1982ರ ಜನವರಿ 13ರಂದು ಸಂಜೆ ನಾಲ್ಕರ ವೇಳೆಗೆ, ಹಿಮ ಸುರಿಯುತ್ತಿರುವಾಗ, ನ್ಯಾಷನಲ್ ವಿಮಾನ ನಿಲ್ದಾಣದಿಂದ ಮೇಲೇರಿದ ಏರ್ ಫ್ಲಾರಿಡಾ ವಿಮಾನವು ಈ ಸೇತುವೆಗೆ ಬಡಿದು ನದಿಗೆ ಬಿದ್ದಿತು. ಅದರಲ್ಲಿದ್ದ 79 ಮಂದಿಯಲ್ಲಿ ಆರು ಜನ ಮಾತ್ರ ವಿಮಾನದ ಬಾಲವನ್ನು ಹಿಡಿದು ಮಂಜುಗಡ್ಡೆಯ ನಡುವೆ ಉಳಿದರು. ಅವರ ಕೈಗೆ ಸಿಕ್ಕಿದ್ದು ಒಂದೇ ಲೈಫ್ ಜಾಕೆಟ್. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಮರಗಟ್ಟಿದ ಬೆರಳುಗಳಿಂದ ಬಿಡಿಸಲಾಗದೆ ಹಲ್ಲಿನಿಂದ ಕಚ್ಚಿ ಹರಿಯಬೇಕಾಯಿತು. ಗಗನಸಖಿಯು ಅದನ್ನು ತಾನು ತೊಡದೆ ಗಾಯಗೊಂಡ ಪ್ರಯಾಣಿಕಳಿಗೆ ಕೊಟ್ಟಳು. ದಡದಲ್ಲಿದ್ದವರು ಬೆಲ್ಟು, ಕಾರಿನ ಬ್ಯಾಟರಿ ತಂತಿ ಮುಂತಾಗಿ ಸಿಕ್ಕಿದ್ದನ್ನೆಲ್ಲ ಗಂಟುಹಾಕಿ ಹಗ್ಗ ಮಾಡಿದರು. ರಾಜಧಾನಿಯ ನದೀತೀರದಲ್ಲಿ ಅಂದು ಒದಗಿದ ಸಲಕರಣೆ ಅಷ್ಟೇ!

ಇಪ್ಪತ್ತು ನಿಮಿಷಗಳ ತರುವಾಯ ಪಾರ್ಕ್ ಪೊಲೀಸರ ಹೆಲಿಕಾಪ್ಟರ್ ಬಂದಿತು. ಅದರಲ್ಲಿ ಮನುಷ್ಯರನ್ನು ಮೇಲೆತ್ತುವ ಯಂತ್ರವಿರಲಿಲ್ಲ. ಹಗ್ಗ ಮತ್ತು ತೇಲುವ ಬಳೆಯಿದ್ದವು. ಚಾಲಕ ಡೊನಾಲ್ಡ್ ಅಷರ್ ಹೆಲಿಕಾಪ್ಟರನ್ನು ನೀರಿಗೆ ತಾಗುವಷ್ಟು ಕೆಳಗಿಳಿಸಿ, ಹಗ್ಗ ಹಿಡಿದವರನ್ನು ದಡಕ್ಕೆ ಎಳೆದೊಯ್ದರು. ವಿಲಿಯಮ್ಸ್ ತಮ್ಮ ಕೈಗೆ ಬಂದ ಹಗ್ಗವನ್ನು ಇತರರಿಗೆ ದಾಟಿಸಿದರು, ಮತ್ತೊಮ್ಮೆ ಬಂದಾಗಲೂ ದಾಟಿಸಿದರು. ನಡುದಾರಿಯಲ್ಲಿ ಇಬ್ಬರು ಮಹಿಳೆಯರ ಹಿಡಿತ ಜಾರಿತು. ಒಬ್ಬಳಿಗಾಗಿ, ದಡದಲ್ಲಿ ನಿಂತು ನೋಡುತ್ತಿದ್ದ ಸರ್ಕಾರಿ ನೌಕರ ಲೆನ್ನಿ ಸ್ಕಟ್ನಿಕ್ ನೀರಿಗೆ ಹಾರಿ ಈಜಿದ. ಇನ್ನೊಬ್ಬಳನ್ನು ಜೀನ್ ವಿಂಡ್ಸರ್ ಹೆಲಿಕಾಪ್ಟರಿನ ಕಾಲ್ಪಟ್ಟಿಯ ಮೇಲೆ ನಿಂತು ಕೈಯಿಂದಲೇ ಎತ್ತಿದರು.

ವಿಲಿಯಮ್ಸ್ ಅವರನ್ನು ಕರೆದೊಯ್ಯಲು ಮರಳಿದಾಗ ವಿಮಾನದ ಬಾಲವೂ ಕಾಣಲಿಲ್ಲ, ಅವರೂ ಕಾಣಲಿಲ್ಲ.

ಹಗ್ಗ ದಾಟಿಸಿದವರು ಯಾರೆಂಬುದು ಬಹುಕಾಲ ಖಚಿತವಾಗಲಿಲ್ಲ. 1983ರಲ್ಲಿ ಅಧ್ಯಕ್ಷ ರೇಗನ್ ಅವರು ಕೋಸ್ಟ್ ಗಾರ್ಡಿನ ಚಿನ್ನದ ಪದಕವನ್ನು ವಿಲಿಯಮ್ಸ್ ಕುಟುಂಬಕ್ಕೆ ಒಪ್ಪಿಸಿದರು. ಅಟ್ಲಾಂಟಾದ ಪ್ರತಿನಿಧಿಗಳು ಗಮನಿಸಬೇಕು: 46 ವಯಸ್ಸಿನ ಈ ಬ್ಯಾಂಕ್ ಪರೀಕ್ಷಕರು ನಿಮ್ಮ ಊರಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದವರು.