ಅಗ್ಗದ ವಾಲ್ವು ಆಂಪ್ಲಿಫೈಯರು: ಹಳೆಯದೊಂದು ಪ್ರಶ್ನೆ

ಟ್ರಾನ್ಸಿಸ್ಟರು ಬಂದಮೇಲೆ ಮೂಲೆಗೆ ಸೇರಿದ್ದ ವಾಲ್ವು ಮತ್ತೆ ಮಾರಾಟಕ್ಕೆ ಬಂದಿದೆ. ಚೀನಾದಿಂದ ಬರುವ ಸಣ್ಣ ವಾಲ್ವು ಆಂಪ್ಲಿಫೈಯರುಗಳು ಸಾಧಾರಣ ಸಂಸಾರಸ್ಥರಿಗೂ ಎಟಕುವ ಬೆಲೆಗೆ ದೊರೆಯುತ್ತವೆ. ಇವುಗಳನ್ನು ಕೊಳ್ಳಬಹುದೆ? ಪ್ರಶ್ನೆ ಹೊಸದಲ್ಲ, ಉತ್ತರವನ್ನು ವಾಲ್ವಿನ ಚರಿತ್ರೆಯಲ್ಲಿಯೇ ಹುಡುಕಬಹುದು.

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ವಿದ್ಯುದ್ವಾರಗಳ ವಾಲ್ವನ್ನು ನಿರ್ಮಿಸಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರನೆಯದೊಂದನ್ನು ಸೇರಿಸಿದನು. ಇದೇ ಮುಂದೆ ಕ್ಷೀಣವಾದ ಸಂಕೇತವನ್ನು ಹಿಗ್ಗಿಸುವ ಸಾಧನವಾಯಿತು. ಆದರೆ ವಾಲ್ವು ಕೆಲಸ ಮಾಡುವುದು ಹೆಚ್ಚು ವೋಲ್ಟು, ಕಡಮೆ ಕರೆಂಟಿನಲ್ಲಿ. ಲೌಡ್‌ಸ್ಪೀಕರಿಗೆ ಬೇಕಾದುದು ಕಡಮೆ ವೋಲ್ಟು, ಹೆಚ್ಚು ಕರೆಂಟು. ಈ ಎರಡನ್ನೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಕಬ್ಬಿಣದ ತಗಡುಗಳ ಮೇಲೆ ತಾಮ್ರದ ತಂತಿಯನ್ನು ಪದರ ಪದರವಾಗಿ ಸುತ್ತಿದ ಈ ಗಡ್ಡೆಯೇ ಯಂತ್ರದ ತೂಕ. ಬೆಲೆಯ ದೊಡ್ಡ ಪಾಲೂ ಇದೇ.

1947ರಲ್ಲಿ ಡಿ. ಟಿ. ಎನ್. ವಿಲಿಯಂಸನ್ ಎಂಬ ಎಂಜಿನಿಯರು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ 15 ವಾಟಿನ ಆಂಪ್ಲಿಫೈಯರೊಂದರ ನಕ್ಷೆಯನ್ನು ಪ್ರಕಟಿಸಿದನು. ಧ್ವನಿಯ ವಿಕೃತಿ ಶೇಕಡ 0.1ನ್ನು ಮೀರಬಾರದೆಂಬುದು ಅವನ ಗುರಿ. ಹೊರಬಂದ ಧ್ವನಿಯ ಒಂದಂಶವನ್ನು ಟ್ರಾನ್ಸ್‌ಫಾರ್ಮರಿನ ಆಚೆಯಿಂದ ಹಿಂದಕ್ಕೆ ತಂದು, ವಿರುದ್ಧವಾಗಿ ಸೇರಿಸಿ ತಪ್ಪನ್ನು ತಿದ್ದುವುದು ಅವನ ಮಾರ್ಗ. ಟ್ರಾನ್ಸ್‌ಫಾರ್ಮರು ಕಳಪೆಯಾದರೆ ಆ ತಿದ್ದುಪಡಿಯೇ ಊಳಿಡಲಾರಂಭಿಸುತ್ತದೆ. ಆದುದರಿಂದ ಆ ಭಾಗದಲ್ಲಿ ಅವನು ಯಾವ ರಿಯಾಯಿತಿಯನ್ನೂ ತೋರಲಿಲ್ಲ.

ಹಾಗಾದರೆ ಒಳ್ಳೆಯದು ಅಗ್ಗವಾಗಲು ಸಾಧ್ಯವೇ ಇಲ್ಲವೆ? ಉಂಟು. 1959ರಲ್ಲಿ ಅಮೆರಿಕದ ಡೈನಾಕೊ ಕಂಪೆನಿ ‘ಸ್ಟೀರಿಯೊ 70’ ಎಂಬ ಯಂತ್ರವನ್ನು ಬಿಡಿಭಾಗಗಳ ರೂಪದಲ್ಲಿ ಮಾರಿತು. ಬೆಲೆ ನೂರು ಡಾಲರಿನ ಆಸುಪಾಸು. ಎರಡು ಚಾನೆಲುಗಳಿಗೂ ತಲಾ 35 ವಾಟು. ಕೊಂಡವನೇ ಬೆಸುಗೆ ಹಾಕಿ ಜೋಡಿಸಬೇಕು. ಅಲ್ಲಿ ಉಳಿಸಿದ್ದು ಕೂಲಿಯನ್ನೇ ಹೊರತು ಟ್ರಾನ್ಸ್‌ಫಾರ್ಮರನ್ನಲ್ಲ. ಅದು ಬಹು ವರ್ಷ ಬಾಳಿದ್ದರ ಗುಟ್ಟು ಇದೇ.

ಇದಕ್ಕೆ ವಿರುದ್ಧವಾದ ದಾರಿಯೂ ಇತ್ತು. ಅಮೆರಿಕದ ಐದು ವಾಲ್ವುಗಳ ಅಗ್ಗದ ರೇಡಿಯೋಗಳಲ್ಲಿ ಕರೆಂಟನ್ನು ಹದಗೊಳಿಸುವ ಮೈನ್ಸ್ ಟ್ರಾನ್ಸ್‌ಫಾರ್ಮರನ್ನೇ ತೆಗೆದುಬಿಟ್ಟಿದ್ದರು. 12, 12, 12, 35, 50 ವೋಲ್ಟಿನ ಐದು ವಾಲ್ವುಗಳ ಕಾವಿನ ತಂತಿಗಳನ್ನು ಸಾಲಾಗಿ ಪೋಣಿಸಿದರೆ 121 ವೋಲ್ಟಾಯಿತು. ಅಲ್ಲಿನ ಮನೆಯ ಕರೆಂಟಿಗೆ ಅದು ಸರಿಹೊಂದಿತು. ಲೆಕ್ಕವೇನೋ ಸೊಗಸಾಗಿದೆ! ಆದರೆ ಇಂಥ ಅನೇಕ ಸೆಟ್ಟುಗಳಲ್ಲಿ ಒಳಗಿನ ಲೋಹದ ಚೌಕಟ್ಟು ನೇರವಾಗಿ ಕರೆಂಟಿನ ತಂತಿಗೇ ಸೇರಿತ್ತು. ಕಳಚಿದ ಗುಂಡಿಯ ಲೋಹದ ಕಡ್ಡಿಯನ್ನು ಮುಟ್ಟಿದವನಿಗೆ ಪ್ರಾಣಾಪಾಯ. ಇಲ್ಲಿ ಉಳಿಸಿದ ಹಣಕ್ಕೆ ಬೆಲೆ ತೆರಬೇಕಾದವನು ಕೊಂಡವನು.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಪಾಲುಂಟು. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಸುಟ್ಟುಹೋದ ವಾಲ್ವಿಗೆ ಬದಲಿ ಇಲ್ಲಿಯೇ ತಯಾರಾಗುತ್ತಿದ್ದ ಕಾಲ ಅದು. ಇಂದು ಅವು ಮುಖ್ಯವಾಗಿ ಚೀನಾ, ರಷ್ಯಾ, ಸ್ಲೊವಾಕಿಯಾಗಳಿಂದ ಬರಬೇಕು. ಆದ್ದರಿಂದ ಇಎಲ್ 84, ಇಸಿಸಿ 83ರಂತಹ, ಈಗಲೂ ತಯಾರಾಗುತ್ತಿರುವ ವಾಲ್ವುಗಳಿರುವ ಯಂತ್ರವೇ ಲೇಸು.

ಈಗಿನ ಅಗ್ಗದ ಯಂತ್ರಗಳಲ್ಲಿ ಎರಡು ಜಾತಿ. ಒಂದರಲ್ಲಿ 6ಜೆ1ರಂತಹ ಪುಟ್ಟ ವಾಲ್ವುಗಳು ಮುಂಭಾಗದಲ್ಲಿ ಹೊಳೆಯುತ್ತವೆ. ಸ್ಪೀಕರನ್ನು ನಡೆಸುವುದು ಒಳಗಿನ ಟ್ರಾನ್ಸಿಸ್ಟರು ಚಿಪ್ಪು. ಬೆಳ್ಳಗಿರುವುದೆಲ್ಲ ಹಾಲಲ್ಲ! ಇದನ್ನು ವಾಲ್ವಿನ ಬೆಲೆ ಕೊಟ್ಟು ಕೊಳ್ಳಬೇಕಾಗಿಲ್ಲ. ಇನ್ನೊಂದು ನಿಜವಾದ ವಾಲ್ವು ಯಂತ್ರ. ಚಾನೆಲಿಗೊಂದೇ 6ಪಿ1 ಇದ್ದರೆ ಮೂರು ನಾಲ್ಕು ವಾಟು ಸಿಕ್ಕೀತು. ಸಣ್ಣ ಕೋಣೆಗೆ, ಕಡಮೆ ಶಕ್ತಿಗೇ ಜೋರಾಗಿ ನುಡಿಯುವ ಸ್ಪೀಕರಿಗೆ ಅಷ್ಟು ಸಾಕು. ಆದರೆ ಟ್ರಾನ್ಸ್‌ಫಾರ್ಮರು ತೀರ ಚಿಕ್ಕದಾದರೆ ಮೃದಂಗದ ಎಡಮುಖದ ಗುಂಕಾರ, ತಂಬೂರಿಯ ಮಂದ್ರ ಸೊರಗಿಹೋಗುತ್ತವೆ.

ಕೊಳ್ಳುವ ಮುನ್ನ ಯಂತ್ರವನ್ನು ಕೈಯಲ್ಲೆತ್ತಿ ತೂಕ ನೋಡಿರಿ. ಮೂರು ಕಡ್ಡಿಯ ಪ್ಲಗ್ಗಿದ್ದು ಅರ್ತ್ ತಂತಿ ಚೌಕಟ್ಟಿಗೆ ಸೇರಿದೆಯೆ, ಯಂತ್ರ ನಮ್ಮ 230 ವೋಲ್ಟಿಗೆ ಹೊಂದುವುದೆ ಎಂದು ವಿಚಾರಿಸಿರಿ. 110 ವೋಲ್ಟಿನದನ್ನು ನೇರವಾಗಿ ಹಚ್ಚಿದರೆ ಸುಟ್ಟುಹೋದೀತು. ಸ್ಪೀಕರು ಜೋಡಿಸದೆ ಚಾಲೂ ಮಾಡಬೇಡಿ. ಒಳಗೆ 250–300 ವೋಲ್ಟು ಇರುತ್ತದೆ; ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಅದು ನಿಂತಿರಬಹುದು.

ಅದೇ ಹಣಕ್ಕೆ ಟ್ರಾನ್ಸಿಸ್ಟರು ಯಂತ್ರವೇ ಹೆಚ್ಚು ಶಕ್ತಿಯನ್ನೂ ಹೆಚ್ಚು ನಿಖರವಾದ ಧ್ವನಿಯನ್ನೂ ಕೊಡುತ್ತದೆ, ಇದನ್ನು ಮುಚ್ಚಿಡಬೇಕಾಗಿಲ್ಲ. ವಾಲ್ವಿನ ನಾದವೇ ತಮಗೆ ಹಿತವೆನ್ನುವವರು ಅಗ್ಗದ್ದನ್ನೂ ಕೊಳ್ಳಬಹುದು. ಆದರೆ ಬೆಲೆ ಎಷ್ಟು ಇಳಿದಿದೆ ಎಂದಲ್ಲ, ಯಾವುದನ್ನು ಬಿಟ್ಟು ಇಳಿಸಿದ್ದಾರೆ ಎಂದು ಕೇಳಬೇಕು. ಕೂಲಿಯನ್ನೋ ಅಲಂಕಾರವನ್ನೋ ಬಿಟ್ಟಿದ್ದರೆ ಲಾಭ ನಮ್ಮದು. ಕಬ್ಬಿಣ, ತಾಮ್ರ, ಸುರಕ್ಷತೆಗಳನ್ನು ಬಿಟ್ಟಿದ್ದರೆ ಅದು ಯಾವ ಬೆಲೆಗೂ ದುಬಾರಿಯೇ.